ಗಚ್ಚಿಯ ಮೇಲಿನ ಖಾಲಿ ಪೈಪು

ಒಂದು ಗುರುವಾರ ಬೆಳಗಾಗುವುದರೊಳಗೆ ನಮ್ಮ ಮನೆಯ ಮಾಳಿಗೆಯ ಗಚ್ಚಿಯ ಮೇಲಿದ್ದ ಕಬ್ಬಿಣದ ಪೈಪಿಗೆ ಒಂದು ಬಿಳಿ ಡಬ್ಬಿಯನ್ನು ತಿರುಗಿ ಕಟ್ಟಬೇಕಿತ್ತು. ನಾನು ಕಟ್ಟಲಿಲ್ಲ. ಕಟ್ಟುತ್ತೇನೆಂದು ತಂಗಿಗೆ ತಲೆಯಾಡಿಸಿದ್ದೆ. ಕೆಲಸ ದೊಡ್ಡದಲ್ಲ. ಎರಡು ಕ್ಲ್ಯಾಂಪು, ನಾಲ್ಕು ನಟ್ಟು, ಒಂದು ವಾಯರು. ಅಂಥ ಡಬ್ಬಿಗಳನ್ನು ಪುಣೆಯ ಪೂರ್ವದ ಮಗ್ಗುಲಲ್ಲಿ ಎಷ್ಟು ಮನೆಗಳ ಮೇಲೆ ಕಟ್ಟಿದ್ದೇನೋ ನನಗೇ ಲೆಕ್ಕವಿಲ್ಲ. ನಮ್ಮ ಮನೆಯದೊಂದು ಉಳಿದುಹೋಯಿತು.

ಉಳಿದುಹೋಯಿತು ಎಂದು ಬರೆಯುವುದೂ ಸರಿಯಲ್ಲ. ಮೊದಲು ಅದು ಅಲ್ಲಿತ್ತು. ನಾನೇ ಬಿಚ್ಚಿಕೊಂಡು ಹೋಗಿದ್ದೆ.

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮನೆಯವರಿಗೆ ಇದು ಗೊತ್ತಾಗಲು ತಡವಾಯಿತು. ಅಪ್ಪ ವಿಜಾಪುರದ ಕಡೆಯಿಂದ ಬಂದು ಪುಣೆಯ ಅಂಚಿನ ಪಿಂಪ್ರಿಯ ಒಂದು ಕಾರಖಾನೆಗೆ ಸೇರಿದ್ದ. ಕಾರ್ಮಿಕರ ಕಾಲನಿಯಲ್ಲಿ ನಮ್ಮ ಮನೆ. ಹಿಂದಿನ ಶೆಡ್ಡಿನಲ್ಲಿ ದಿನವಿಡೀ ತಗಡು ಬಡಿಯುವ ಸದ್ದು. ಆ ಸದ್ದಿನಲ್ಲೂ ಕೂಸು ಅಲುಗಾಡದೆ ನಿದ್ದೆ ಮಾಡುತ್ತದೆಂದು ಅವ್ವ ನೆರೆಯವರ ಮುಂದೆ ಹೊಗಳಿಕೊಳ್ಳುತ್ತಿದ್ದಳು. ಮಾತು ಬರುವ ವಯಸ್ಸು ದಾಟಿದ ಮೇಲೆ ದವಾಖಾನೆಗೆ ತೋರಿಸಿದರು.

ಅವಳನ್ನು ಊರೊಳಗಿನ ಕಿವುಡ ಮಕ್ಕಳ ಶಾಲೆಗೆ ಹಾಕಿದರು. ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನೂ, ಗಂಟಲ ಮೇಲೆ ಕೈಯಿಟ್ಟುಕೊಂಡು ದನಿ ಹೊರಡಿಸುವುದನ್ನೂ ಅಲ್ಲಿ ಕಲಿಸಿದರು. ಕಲಿಸಿದ್ದು ಮರಾಠಿಯಲ್ಲಿ. ಬೇರೆ ಯಾವುದರಲ್ಲಿ ಕಲಿಸಬೇಕಿತ್ತು? ಹೀಗೆ ನಮ್ಮ ಕನ್ನಡದ ಮನೆಯಲ್ಲಿ ಒಬ್ಬ ಮರಾಠಿ ಹುಡುಗಿ ಬೆಳೆದಳು. ಅವ್ವನಿಗೆ ಬರುತ್ತಿದ್ದ ಮರಾಠಿ ಕಾಯಿಪಲ್ಯೆ ಕೊಳ್ಳುವಷ್ಟು. ಅವ್ವ ಮಗಳಿಗೆ ಹೇಳಬೇಕಾದದ್ದು ಊಟ, ನಿದ್ದೆ, ಬಾ, ಹೋಗು ಇಷ್ಟರಲ್ಲಿ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ನಾನು ಹೇಳಬೇಕಿತ್ತು. ನಾನು ಅವಳೊಡನೆ ಆಡಿದ ಮಾತೆಲ್ಲ ಮರಾಠಿಯೇ. ಇಲ್ಲಿ ನಮ್ಮ ಮನೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಕೈಸನ್ನೆ ಮಾಡಿದರೆ ಟೀಚರುಗಳು ಬೈಯುತ್ತಿದ್ದರು. ಕೈಗೆ ರೂಢಿಯಾದರೆ ನಾಲಗೆ ಹೊರಳುವುದಿಲ್ಲ ಎಂಬುದು ಅವರ ಲೆಕ್ಕ. ಆದರೆ ಗಂಟೆ ಹೊಡೆದು ಗೇಟಿನ ಹೊರಗೆ ಬಂದ ಕೂಡಲೇ ಆ ಮಕ್ಕಳ ಕೈಗಳು ಶುರುವಾಗುತ್ತಿದ್ದವು. ನನ್ನ ಶಾಲೆ ಮಧ್ಯಾಹ್ನದ ಪಾಳಿಯದು. ಬೆಳಿಗ್ಗೆ ಅವಳನ್ನು ಪಿಂಪ್ರಿಯಿಂದ ಲೋಕಲ್ ರೈಲುಗಾಡಿಯಲ್ಲಿ ಶಿವಾಜಿನಗರಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ, ಕೆಲವು ದಿನ ಕರೆದು ತರುವುದೂ ನನ್ನದೇ. ಅವಳಿಗೊಬ್ಬ ಗೆಳತಿ ಇದ್ದಳು. ಅವಳೂ ಕಿವುಡಿ. ಅವಳ ಗಾಡಿ ಎದುರಿನ ಪ್ಲಾಟ್‌ಫಾರ್ಮಿನಿಂದ ಹೊರಡುತ್ತಿತ್ತು. ಇವರಿಬ್ಬರೂ ಹಳಿಗಳ ಆಚೆ ಈಚೆ ನಿಂತು ಮಾತಾಡುತ್ತಿದ್ದರು. ನಡುವೆ ಎಕ್ಸ್‌ಪ್ರೆಸ್ ಗಾಡಿ ಬಂದು ನಿಂತರೆ ಅದರ ಕಿಟಕಿಗಳ ಸಂದಿಯಲ್ಲಿ ಮಾತಾಡುತ್ತಿದ್ದರು. ಗಾಡಿ ಬಿಟ್ಟ ಮೇಲೆ ಉಳಿದವರು ಕೂಗಿ ಕೂಗಿ ಸುಮ್ಮನಾದರೂ ಇವರ ಮಾತು ತಿರುವಿನವರೆಗೆ ನಡೆಯುತ್ತಿತ್ತು.

ಜನ ನೋಡುತ್ತಿದ್ದರು. ಕೆಲವರು ಅಣಕಿಸುತ್ತಿದ್ದರು. ನನಗೆ ನಾಚಿಕೆಯಾಗಿ ಅವಳ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸುತ್ತಿದ್ದೆ. ಅವಳು ಬಿಡಿಸಿಕೊಳ್ಳುತ್ತಿದ್ದಳು. ಒಂದು ಸಲ ನಾನು ಗಾಡಿ ಹೊರಟು ಹೋಗುವವರೆಗೂ ಕೈ ಬಿಡಲಿಲ್ಲ. ಆ ದಿನ ಮನೆ ಮುಟ್ಟುವವರೆಗೆ ಅವಳು ನನ್ನ ಮುಖ ನೋಡಲಿಲ್ಲ. ಕೇಳುವವರು ಸಿಟ್ಟು ಬಂದರೆ ಮಾತು ಬಿಡುತ್ತಾರೆ. ಅವಳು ನೋಡುವುದನ್ನು ಬಿಡುತ್ತಾಳೆ. ಅವಳು ನೋಡದಿದ್ದರೆ ನೀವು ಏನು ಹೇಳಿದರೂ ಹೇಳಿದಂತೆ ಆಗುವುದಿಲ್ಲ.

ಆ ಸನ್ನೆಗಳನ್ನು ನಾನು ಕಲಿಯಲಿಲ್ಲ. ನೀರು, ರೊಟ್ಟಿ, ಅಪ್ಪ, ಗಾಡಿ ಇಂಥ ಕೆಲವು ತಿಳಿಯುತ್ತಿದ್ದವು. ಉಳಿದದ್ದಕ್ಕೆ ತಲೆಯಾಡಿಸುತ್ತಿದ್ದೆ. ಹೂಂ ಎಂಬಂತೆ ಗೋಣು ಹಾಕಿದರೆ ಅವಳು ಸಮಾಧಾನದಿಂದ ಮುಂದಕ್ಕೆ ಹೋಗುತ್ತಿದ್ದಳು. ಈ ರೂಢಿ ಸಣ್ಣಂದಿನಲ್ಲಿ ಬಂದದ್ದು. ಆಗ ಇದರಿಂದ ಯಾರಿಗೂ ಏನೂ ಆಗಲಿಲ್ಲ.

ನಾನು ಕನ್ನಡ ಶಾಲೆಯಲ್ಲಿ ಏಳರವರೆಗೆ ಓದಿ, ಮುಂದೆ ಮರಾಠಿ ಶಾಲೆಗೆ ಹೋಗಿ ಒಂಬತ್ತರಲ್ಲಿ ನಪಾಸಾಗಿ ಕೂತೆ. ಮತ್ತೆ ಏಳಲಿಲ್ಲ. ಟಿವಿ ಕೇಬಲ್ಲಿನವನೊಬ್ಬ ಗಚ್ಚಿಯಿಂದ ಗಚ್ಚಿಗೆ ವಾಯರು ಎಳೆಯಲು ಹುಡುಗರನ್ನು ಹುಡುಕುತ್ತಿದ್ದ. ತೊಂಬತ್ತರ ದಶಕ ನನಗೆ ಹಾಗೆ ಕಳೆಯಿತು. ಅಪ್ಪ ನಿವೃತ್ತನಾಗಿ, ಪುಣೆಯ ಪೂರ್ವಕ್ಕೆ ನಗರ ರಸ್ತೆಯ ಮೇಲಿನ ಚಂದನನಗರದಲ್ಲಿ ಎರಡು ಕೋಣೆ ಕಟ್ಟಿಸಿ, ಹೆಚ್ಚು ದಿನ ಅದರಲ್ಲಿ ಇರದೆ ತೀರಿಕೊಂಡ. ಮನೆಯಲ್ಲಿ ಉಳಿದವರು ಅವ್ವ, ತಂಗಿ, ನಾನು. ತಂಗಿ ಮನೆಯಲ್ಲೇ ಹೊಲಿಗೆಗೆ ಕೂತಳು. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು, ಬ್ಲೌಸು ಹೊಲಿಯುವುದು. ಕೈ ಚೊಕ್ಕ. ಗಿರಾಕಿಗಳು ಅವಳ ಮುಂದೆ ನಿಂತು ಜೋರಾಗಿ ಕೂಗಿ ಅಳತೆ ಹೇಳುತ್ತಿದ್ದರು. ಅವಳು ನಕ್ಕು ಟೇಪು ತೆಗೆಯುತ್ತಿದ್ದಳು.

ಮುಂದೆ ನಾಲ್ಕೈದು ವರ್ಷಕ್ಕೆ ಗಾಳಿಯಲ್ಲಿ ಇಂಟರ್ನೆಟ್ ಕೊಡುವ ಕೆಲಸ ಬಂತು. ಆಗ ಪಕ್ಕದ ಖರಾಡಿಯಲ್ಲಿ ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಗಾಜಿನ ಕಟ್ಟಡ. ನೆಲದೊಳಗಿನ ಫೋನಿನ ವಾಯರು ಅಲ್ಲಿಯವರೆಗೆ ಬಂದಿರಲಿಲ್ಲ. ಬಂದ ಕಡೆಯೂ ಮಳೆಗಾಲದಲ್ಲಿ ನಡೆಯುತ್ತಿರಲಿಲ್ಲ. ಹೀಗಾಗಿ ಒಂದು ಕಂಪನಿ ಖರಾಡಿಯ ಎತ್ತರದ ಕಟ್ಟಡವೊಂದರ ನೆತ್ತಿಯ ಮೇಲೆ ಟವರು ನಿಲ್ಲಿಸಿತು. ಗಿರಾಕಿಯ ಗಚ್ಚಿಯ ಮೇಲೆ ಒಂದು ಪೈಪು, ಪೈಪಿಗೆ ಪುಸ್ತಕದಷ್ಟಗಲದ ಬಿಳಿ ಡಬ್ಬಿ, ಡಬ್ಬಿಯಿಂದ ಕಂಪ್ಯೂಟರಿಗೆ ಒಂದು ವಾಯರು. ಆ ಕಂಪನಿಯ ಗುತ್ತಿಗೆದಾರನ ಬಳಿ ನಾನು ಸೇರಿದೆ. ಓದು ಬೇಕಾಗಿರಲಿಲ್ಲ. ಗಚ್ಚಿಯ ತುದಿಯಲ್ಲಿ ನಿಂತರೆ ತಲೆ ತಿರುಗಬಾರದು, ಅಷ್ಟೇ.

ಆ ಕೆಲಸದಲ್ಲಿ ಮುಖ್ಯವಾದದ್ದು ಒಂದೇ. ಟವರಿಗೆ ಡಬ್ಬಿ ಕಾಣಬೇಕು, ಡಬ್ಬಿಗೆ ಟವರು ಕಾಣಬೇಕು. ನಡುವೆ ನೀರಿನ ಟಾಕಿ ಬಂದರೂ ಇಲ್ಲ, ದಟ್ಟ ಬೇವಿನ ಮರ ಬಂದರೂ ಇಲ್ಲ. ಇದನ್ನು ನೋಡಲು ನಮ್ಮಲ್ಲಿ ಒಂದು ರೀತಿ ಇತ್ತು. ಒಬ್ಬ ಟವರಿನ ಹತ್ತಿರ ನಿಲ್ಲಬೇಕು. ಇನ್ನೊಬ್ಬ ಗಿರಾಕಿಯ ಗಚ್ಚಿಯ ಮೇಲೆ ನಿಂತು ಕನ್ನಡಿಯಲ್ಲಿ ಬಿಸಿಲು ಹಿಡಿದು ಟವರಿನ ಕಡೆಗೆ ಎಸೆಯಬೇಕು. ಅಷ್ಟು ಮನೆಗಳ ನಡುವೆ ಒಂದು ಕಡೆ ಮಿಂಚಿದರೆ ದಾರಿ ಇದೆ ಎಂದರ್ಥ. ಕಂಡಿತು ಎನ್ನುವುದಕ್ಕೆ ಟವರಿನವನೂ ತನ್ನ ಕನ್ನಡಿ ಮಿಂಚಿಸುತ್ತಾನೆ. ಕಂಪನಿಯ ಎಂಜಿನಿಯರು ಇದಕ್ಕೆಲ್ಲ ಯಂತ್ರ ಇದೆ ಎನ್ನುತ್ತಿದ್ದ. ಆ ಯಂತ್ರ ಯಾವಾಗಲೂ ಬೇರೆ ಯಾರದೋ ಕೈಯಲ್ಲಿ ಇರುತ್ತಿತ್ತು.

ನಮ್ಮ ಮನೆಗೆ ಡಬ್ಬಿ ಹಾಕಿದ್ದು ತಂಗಿಗಾಗಿ. ಅವಳ ಆ ಗೆಳತಿ ಮದುವೆಯಾಗಿ ನಾಸಿಕಕ್ಕೆ ಹೋಗಿದ್ದಳು. ಅಲ್ಲಿ ಕಿವುಡ ಹುಡುಗಿಯರ ವಸತಿ ಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು. ಇವರಿಬ್ಬರಿಗೆ ಫೋನು ಇದ್ದೂ ಇಲ್ಲದಂತೆ. ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡಬಹುದು ಎಂದು ಗೆಳತಿ ಪತ್ರ ಬರೆದಿದ್ದಳು, ಆದರೆ ನಮ್ಮ ಓಣಿಯ ಸೈಬರ್ ಕೆಫೆಯಲ್ಲಿ ಕ್ಯಾಮೆರಾ ಇರಲಿಲ್ಲ, ಲೈನೂ ನಿಧಾನ. ತುಟಿಯ ಮಾತಿಗೆ, ಕೈಯ ಮಾತಿಗೆ ಚಿತ್ರ ನಿಂತು ನಿಂತು ಬಂದರೆ ಉಪಯೋಗವಿಲ್ಲ. ತಂಗಿ ಖರಾಡಿಯ ಆಫೀಸೊಂದು ಹಳೆಯದೆಂದು ಮಾರಿದ ಕಂಪ್ಯೂಟರನ್ನೂ ಒಂದು ಕ್ಯಾಮೆರಾವನ್ನೂ ಕೊಂಡಳು. ಗಿರಾಕಿಯೊಬ್ಬ ವಾಪಸು ಕೊಟ್ಟಿದ್ದ ಡಬ್ಬಿಯನ್ನು ಮನೆಗೆ ಹಾಕಿಕೊಳ್ಳಲು ಗುತ್ತಿಗೆದಾರ ಒಪ್ಪಿದ. ಟೆಸ್ಟಿಂಗಿಗೆ ಎಂದು ಬರೆದುಕೊಂಡರೆ ಆಯಿತು ಎಂದ.

ದಾರಿ ನೋಡುವ ದಿನ ಜೊತೆಗಾರ ಬರಲಿಲ್ಲ. ನಾನು ಟವರಿಗೆ ಹೋದೆ. ತಂಗಿ ಗಚ್ಚಿ ಹತ್ತಿ, ಗೋಡೆಗೆ ತೂಗಿದ್ದ ಕನ್ನಡಿಯನ್ನು ಹಿಡಿದು ನಿಂತಳು. ನನ್ನ ಜೊತೆಗಾರ ಕನ್ನಡಿಯನ್ನು ಅತ್ತಿತ್ತ ಆಡಿಸಿ, ಮೊಬೈಲಿನಲ್ಲಿ ಹತ್ತು ಸಲ ಕಂಡಿತಾ ಎಂದು ಕೇಳುವವನು. ಇವಳು ಮೊದಲ ಸಲವೇ ಬಿಸಿಲನ್ನು ನೇರ ನನ್ನ ಕಣ್ಣಿಗೆ ಇಟ್ಟಳು. ನಾನು ನನ್ನ ಕನ್ನಡಿ ಮಿಂಚಿಸಿದೆ. ಅವಳು ತಿರುಗಿ ಮಿಂಚಿಸಿದಳು. ಕೆಲಸ ಮುಗಿದಿತ್ತು. ಆದರೂ ಸ್ವಲ್ಪ ಹೊತ್ತು ನಾವಿಬ್ಬರೂ ಹಾಗೇ ಮಾಡಿದೆವು. ನಾನೂ ಅವಳೂ ಕೂಡಿ ಮಾಡಿದ ಕೆಲಸ ನನ್ನ ನೆನಪಿನಲ್ಲಿ ಅದೊಂದೇ.

ಮೊದಲ ದಿನ ನಾಸಿಕದ ಗೆಳತಿಯ ಮುಖ ಬಂದಾಗ ತಂಗಿ ಕುರ್ಚಿಯಿಂದ ಎದ್ದು ನಿಂತಳು. ಕೂತು ಮಾತಾಡಲು ಅವಳ ಕೈಗೆ ಜಾಗ ಸಾಲಲಿಲ್ಲ. ಅವ್ವ ಚಹಾ ಮಾಡಿ ತಂದು, ಒಂದು ಕಪ್ಪನ್ನು ಪರದೆಯ ಎದುರು ಹಿಡಿದು, "ತಗೋವಾ, ತಗೋ" ಎಂದು ಕನ್ನಡದಲ್ಲೇ ಉಪಚಾರ ಮಾಡಿದಳು. ಆ ಕಡೆಯವಳು ಕೈ ಚಾಚಿ ಕುಡಿದಂತೆ ಮಾಡಿದಳು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ದಿನಾ ಸಂಜೆ ಹೊಲಿಗೆ ಮುಗಿದ ಮೇಲೆ ಇದು ನಡೆಯಿತು. ಮನೆಯಲ್ಲಿ ಸದ್ದಿಲ್ಲದೆ ಇಷ್ಟು ಮಾತು ಆಗುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಏನು ಮಾತಾಡುತ್ತಾರೆಂದು ಕೇಳಬಹುದಿತ್ತು. ನಾನು ಊಟ ಮಾಡಿ ಮಲಗುತ್ತಿದ್ದೆ.

ಆ ವರ್ಷದ ಮಳೆ ಮುಗಿದ ಮೇಲೆ ನಗರ ರಸ್ತೆಯ ಮೇಲೆ ಒಬ್ಬರು ಹೋಟೆಲು ಕಟ್ಟಿಸಿ, ಮೇಲೆ ಲಾಡ್ಜಿನ ಕೋಣೆಗಳನ್ನು ಮಾಡಿದ್ದರು. ಕರಾವಳಿಯವರು. ನಾನು ಪೈಪಿಗೆ ಜಾಗ ನೋಡಲು ಹೋದಾಗ ಮರಾಠಿಯಲ್ಲೇ ಮಾತು ನಡೆದಿತ್ತು. ನಡುವೆ ಅವ್ವನ ಫೋನು ಬಂದು ನಾನು ಕನ್ನಡದಲ್ಲಿ ಮಾತಾಡಿದೆ.

"ನೀವು ಕನ್ನಡದವರಾ? ಮೊದಲೇ ಹೇಳುವುದಲ್ವಾ ಮಾರಾಯ್ರೆ" ಎಂದರು ಅವರು. "ಇಷ್ಟೊತ್ತು ಸುಮ್ಮನೆ ನಾಲಗೆ ತಿರುಚಿಕೊಂಡದ್ದಾಯ್ತು."

ನನ್ನನ್ನು ಕೂರಿಸಿ ನೀರುದೋಸೆ ತರಿಸಿದರು. ಆ ವಯಸ್ಸಿನಲ್ಲಿ, ಆ ಕೆಲಸದಲ್ಲಿ, ನನಗೆ ಬಹುವಚನದಲ್ಲಿ ಮಾತಾಡಿದ ಗಿರಾಕಿಗಳು ಕಡಿಮೆ. ಭಾನುವಾರ ಗಣಹೋಮ, ಕೋಣೆಗಳೆಲ್ಲ ಕಂಪ್ಯೂಟರಿನ ಕಂಪನಿಯವರಿಗೆ ಮಾತಾಗಿವೆ, ಅಷ್ಟರಲ್ಲಿ ಇಂಟರ್ನೆಟ್ ಬಾರದಿದ್ದರೆ ಮರ್ಯಾದೆ ಹೋಗುತ್ತದೆ ಎಂದರು. ಹೊಸ ಡಬ್ಬಿಗಳು ಊರ ಹೊರಗೆ ಸುಂಕ ಕಟ್ಟುವ ಜಕಾತಿ ನಾಕಾದಲ್ಲಿ ನಿಂತುಬಿಟ್ಟಿದ್ದವು. ಅದನ್ನು ಹೇಳಿದೆ. "ಊರಿನವರು ನೀವು, ನೀವೇ ಹಾಗೆ ಹೇಳಿದರೆ ಹೇಗೆ?" ಎಂದರು. ಅವರ ಊರಿಗೂ ನಮ್ಮ ಊರಿಗೂ ಒಂದು ರಾತ್ರಿಯ ಬಸ್ಸು ಸಾಲದು. ಆದರೂ ನಾನು ಆಗಲಿ ಎಂದೆ.

ಮರುದಿನ ಮಧ್ಯಾಹ್ನ ತಂಗಿ ಹೊಲಿದ ಬ್ಲೌಸುಗಳನ್ನು ಕೊಡಲು ಹೋಗಿದ್ದಾಗ ನಮ್ಮ ಗಚ್ಚಿ ಹತ್ತಿ ಡಬ್ಬಿ ಬಿಚ್ಚಿದೆ. ಕಂಪನಿಯ ಸಾಮಾನು, ಕಂಪನಿಯ ಕೆಲಸಕ್ಕೆ ಒಯ್ಯುತ್ತಿದ್ದೇನೆ ಎಂದುಕೊಂಡೆ. ಗಿರಾಕಿ ಕಾಯಬಾರದು, ಮನೆಯವರು ಕಾದಾರು ಎಂಬುದು ನಮ್ಮ ಕೆಲಸದವರೆಲ್ಲ ಆಡುವ ಮಾತು. ಟಿವಿ ರಿಪೇರಿಯವನ ಮನೆಯ ಟಿವಿ ಯಾವತ್ತೂ ಕೆಟ್ಟಿರುತ್ತದಲ್ಲ, ಹಾಗೆ.

ಸಂಜೆ ತಂಗಿ ಮೇಲೆ ಹೋಗಿ ಖಾಲಿ ಪೈಪು ನೋಡಿ ಬಂದಳು. ಸೋಮವಾರ ತರುತ್ತೇನೆ ಎಂದೆ. ಅವಳು ಒಪ್ಪಿದಳು. ಸೋಮವಾರ ತರಲಿಲ್ಲ. ಅದೇ ವಾರ ನಾಕಾದಿಂದ ಡಬ್ಬಿಗಳು ಬಂದವು. ಗುತ್ತಿಗೆದಾರ ಹಂಚುವಾಗ ನಮ್ಮ ಮನೆಗೊಂದು ಬೇಕೆಂದು ನಾನು ಕೇಳಬಹುದಿತ್ತು. ಆಗಲೇ ಎರಡು ಆಫೀಸುಗಳ ಕೆಲಸ ನನ್ನ ಕೈಯಲ್ಲಿತ್ತು. ಕೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನಾನು ಬೈಕಿಗೆ ಸಾಮಾನಿನ ಚೀಲ ಕಟ್ಟುತ್ತಿದ್ದಾಗ ತಂಗಿ ಗೋಡೆಯ ಕ್ಯಾಲೆಂಡರನ್ನೇ ತೆಗೆದುಕೊಂಡು ಹೊರಗೆ ಬಂದಳು. ಬರುವ ಗುರುವಾರದ ಮೇಲೆ ಬೆರಳಿಟ್ಟಳು. ಮೇಲೆ ಗಚ್ಚಿ ತೋರಿಸಿದಳು. ಗೆಳತಿಯ ಸನ್ನೆ ಮಾಡಿದಳು. ಅದು ನನಗೆ ತಿಳಿಯುತ್ತಿತ್ತು, ಕೆನ್ನೆಯ ಮೇಲೆ ಗುಳಿ ತೋರಿಸುವುದು. ಆಮೇಲೆ ಕೈಗಳು ಬೇಗ ಬೇಗ ಓಡಿದವು. ಕೊನೆಗೆ ಬಾಯಿಂದಲೂ ಹೇಳಿದಳು. ಅವಳ ದನಿ ಹೊರಗಿನವರಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ.

"ಗುರುವಾರ. ಬೆಳಿಗ್ಗೆ. ಬೇಕೇ ಬೇಕು."

ನನ್ನ ಬಾಯಲ್ಲಿ ತಂಬಾಕು ಇತ್ತು. ಗುರುವಾರಕ್ಕೆ ಡಬ್ಬಿ ಬೇಕು ಎಂಬಷ್ಟು ತಿಳಿಯಿತು. ಏಕೆಂದು ಕೇಳಬೇಕಾದರೆ ತಂಬಾಕು ಉಗುಳಿ, ಅವಳ ಎದುರು ನಿಂತು, ನಿಧಾನವಾಗಿ ಕೇಳಬೇಕು. ಅವಳು ಹೇಳಿದ್ದು ತಿಳಿಯದಿದ್ದರೆ ಮತ್ತೆ ಕೇಳಬೇಕು. ಆಫೀಸಿನವರು ಕಾಯುತ್ತಿದ್ದರು. ನಾನು ತಲೆಯಾಡಿಸಿದೆ. ಅವಳು ನನ್ನ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿ ಒಳಗೆ ಹೋದಳು.

ಆಗ ನಾನು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ಅವಳು ಬೇರೆ ದಾರಿ ಹುಡುಕುತ್ತಿದ್ದಳು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಕ್ಯಾಮೆರಾ ಇರುವ ಕೆಫೆಗಳಿದ್ದವು. ಅವ್ವನನ್ನು ಕರೆದುಕೊಂಡು ನಾಸಿಕದ ಬಸ್ಸು ಹತ್ತುವುದಕ್ಕೂ ಅವಳು ಹಿಂದೆಮುಂದೆ ನೋಡುವವಳಲ್ಲ. ಡಬ್ಬಿ ಬಿಚ್ಚಿದ್ದಕ್ಕಿಂತ ಆ ತಲೆಯಾಡಿಸಿದ್ದೇ ಹೆಚ್ಚಿನ ತಪ್ಪು.

ಗುರುವಾರ ನಾನು ಟವರಿನ ಹತ್ತಿರವೇ ಇದ್ದೆ. ಹೊಸ ಆಫೀಸೊಂದಕ್ಕೆ ದಾರಿ ನೋಡುತ್ತಿದ್ದೆವು. ಆ ಆಫೀಸಿನ ಗಚ್ಚಿಯ ಮೇಲೆ ಜೊತೆಗಾರ ಕನ್ನಡಿ ಹಿಡಿದಿದ್ದ. ನಾನು ಆ ಕಡೆ ನೋಡುತ್ತಿದ್ದಾಗ ಎಡಗಣ್ಣಿನ ಅಂಚಿನಲ್ಲಿ ಬೇರೊಂದು ಕಡೆ ಮಿಂಚಿತು. ಚಂದನನಗರದ ಕಡೆ. ಒಂದು ಸಲ ಅಲ್ಲ. ಬಿಟ್ಟೂ ಬಿಡದೆ.

ನಮ್ಮ ಗಚ್ಚಿಯೇ ಎಂದು ಗುರುತಿಸಲು ನನಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಬಿಸಿಲನ್ನು ಅಷ್ಟು ನೇರವಾಗಿ ಕಣ್ಣಿಗೆ ಇಡುವವರು ಇನ್ನೊಬ್ಬರಿಲ್ಲ. ನಾನು ಅಲ್ಲಿ ಇದ್ದೇನೆಂದು ಅವಳಿಗೆ ಖಾತ್ರಿ ಇರಲಿಕ್ಕಿಲ್ಲ. ಇದ್ದರೆ ಇರಲಿ ಎಂದು ಮಾಡಿರಬೇಕು. ನನ್ನ ಚೀಲದಲ್ಲಿ ಆ ಹೊತ್ತು ಒಂದು ಡಬ್ಬಿ ಹೆಚ್ಚಿಗೆ ಇತ್ತು. ಗಾಡಿಯಲ್ಲಿ ಹೊರಟರೆ ಮನೆ ದೂರವಲ್ಲ. ಕನ್ನಡಿಯೂ ಕೈಯಲ್ಲೇ ಇತ್ತು. ಕಂಡಿತು ಎಂದಾದರೂ ಮಿಂಚಿಸಬಹುದಿತ್ತು. ಮಿಂಚಿಸಿದರೆ ಹೋಗಬೇಕಾಗುತ್ತದೆ. ಸಂಜೆ ನೋಡಿದರಾಯಿತು ಎಂದುಕೊಂಡು ಜೊತೆಗಾರನ ಕಡೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ಆ ಕಡೆ ನೋಡಿದಾಗ ಏನೂ ಇರಲಿಲ್ಲ.

ಸಂಜೆ ನಾನು ಡಬ್ಬಿ ಹಿಡಿದುಕೊಂಡೇ ಮನೆಗೆ ಹೋದೆ. ತಂಗಿ ಮಶೀನಿನ ಮುಂದೆ ಕೂತು ಹೊಲಿಯುತ್ತಿದ್ದಳು. ನಾನು ಎದುರು ಹೋಗಿ ನಿಂತರೂ ತಲೆ ಎತ್ತಲಿಲ್ಲ.

"ಮುಂಜಾನಿಂದ ಇಸ್ತ್ರಿ ಸೀರಿ ಉಟಗೊಂಡು ಆ ಕಂಪ್ಯೂಟರ್ ಮುಂದ ಕುಂತಿದ್ಳು, ತಮ್ಮಾ" ಎಂದಳು ಅವ್ವ. "ಏಳೂದು, ಗಚ್ಚಿಗೆ ಹೋಗೂದು, ಬಂದು ಕೂಡೂದು. ಊಟಾನೂ ಮಾಡಿಲ್ಲ. ಇವತ್ತ ಏನಿತ್ತು?"

ನನಗೇನು ಗೊತ್ತು ಎಂದೆ. ಅದು ಸುಳ್ಳಲ್ಲ.

ಮರುದಿನ ತಂಗಿ ನನ್ನನ್ನು ನೋಡಿದಳು. ಕೈ ತಿರುಗಿಸಿ ಏಕೆ ಎಂದು ಕೇಳಿದಳು. ಒಂದೇ ಸನ್ನೆ. ನಮ್ಮ ಮನೆಗೂ ಟವರಿಗೂ ನಡುವೆ ಒಂದು ಹೊಸ ಕಟ್ಟಡ ಏಳುತ್ತಿತ್ತು. ಆಗಿನ್ನೂ ಎರಡನೆಯ ಮಹಡಿಯ ಕಂಬಗಳು, ಮೇಲೆ ಕಬ್ಬಿಣದ ಸರಳುಗಳು. ನಾನು ಗಚ್ಚಿಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದೆ. ಅದು ಅಡ್ಡ ಬಂತು, ಇನ್ನು ಇಲ್ಲಿ ಬರುವುದಿಲ್ಲ ಎಂದೆ. ಅವಳು ಕಟ್ಟಡವನ್ನು ನೋಡಿದಳು, ಟವರನ್ನು ನೋಡಿದಳು. ಕಂಬಗಳ ಮೇಲಿನಿಂದ ಟವರು ಚೆನ್ನಾಗಿಯೇ ಕಾಣುತ್ತಿತ್ತು. ಹಿಂದಿನ ದಿನವಷ್ಟೇ ಅವಳು ಅದೇ ದಾರಿಯಲ್ಲಿ ಬಿಸಿಲು ಕಳಿಸಿದ್ದಳು. ಆದರೆ ಈ ಕೆಲಸ ತಿಳಿದವನು ನಾನು. ಅವಳು ಮತ್ತೆ ಕೇಳಲಿಲ್ಲ.

ನಾನು ತಂದ ಡಬ್ಬಿ ಚೀಲದಲ್ಲೇ ಉಳಿಯಿತು. ಈಗ ಅದನ್ನು ಕಟ್ಟುವಂತಿರಲಿಲ್ಲ. ಕಟ್ಟಿದರೆ ಇಂಟರ್ನೆಟ್ ಬಂದುಬಿಡುತ್ತದೆ. ಬಂದರೆ ನಾನು ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತದೆ.

ಆ ಗುರುವಾರ ಏನಿತ್ತೆಂದು ನನಗೆ ತಿಳಿದದ್ದು ದೀಪಾವಳಿಯ ಹೊತ್ತಿಗೆ. ತಂಗಿಯ ಗೆಳತಿಯ ತಾಯಿ ಕಾಯಿಪಲ್ಯೆಯ ಮಂಡಿಯಲ್ಲಿ ಸಿಕ್ಕರು. ನಾಸಿಕದ ಶಾಲೆಯಲ್ಲಿ ಸಣ್ಣ ಹುಡುಗಿಯರ ವಸತಿಗೃಹ ನೋಡಿಕೊಂಡು, ಹೊಲಿಗೆ ಕಲಿಸುವವರು ಬೇಕಾಗಿದ್ದರಂತೆ. ಅಲ್ಲಿಯ ಹೊಸ ಮುಖ್ಯೋಪಾಧ್ಯಾಯಿನಿಗೆ ಕೈಸನ್ನೆ ಬರುವವರೇ ಬೇಕಾಗಿತ್ತು. ಗೆಳತಿ ನನ್ನ ತಂಗಿಯ ಹೆಸರು ಹೇಳಿದ್ದಳು. ಗುರುವಾರ ಎಲ್ಲರನ್ನೂ ನೋಡುತ್ತೇವೆ, ಅವಳು ದೂರದವಳಾದ್ದರಿಂದ ಕ್ಯಾಮೆರಾದಲ್ಲಿ ಮಾತಾಡಲಿ ಎಂದು ಅವರು ಒಪ್ಪಿದ್ದರು. ಗೆಳತಿ ಅದನ್ನು ತಂಗಿಗೆ ಪತ್ರ ಬರೆದು ತಿಳಿಸಿದ್ದಳು. ಮಧ್ಯಾಹ್ನದವರೆಗೆ ಕಾದು, ಅಲ್ಲಿಗೇ ಬಂದಿದ್ದ ಇನ್ನೊಬ್ಬಳನ್ನು ತೆಗೆದುಕೊಂಡರು.

"ಅವಳಿಗೆ ಮನಸ್ಸಿಲ್ಲ ಅಂದುಕೊಂಡೆವು" ಎಂದರು ಆ ತಾಯಿ. ನಾನು ತಲೆಯಾಡಿಸಿದೆ.

ಬೇಸಿಗೆಯ ಹೊತ್ತಿಗೆ ಆ ಕಟ್ಟಡ ಆರು ಮಹಡಿ ಎದ್ದಿತು. ನಮ್ಮ ಗಚ್ಚಿಯಿಂದ ಟವರು ಕಾಣದಾಯಿತು. ನಾನು ಹೇಳಿದ ಸುಳ್ಳು ನಿಜವಾಯಿತು. ಅದರಿಂದ ನನಗೆ ಹಗುರವಾಯಿತು ಎಂಬುದನ್ನೂ ಬರೆಯಬೇಕು. ಪೈಪು ಮಾತ್ರ ಗೋಡೆಗೆ ಬಡಿದದ್ದು ಹಾಗೇ ಉಳಿಯಿತು. ಅವ್ವ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದಳು. ಡಬ್ಬಿಯ ಕೆಲಸ ಆಮೇಲೆ ನಗರ ರಸ್ತೆಯಲ್ಲೇ ಮುಂದೆ ಶಿರೂರಿನವರೆಗೆ ಹೋಯಿತು. ಅಲ್ಲಿ ಈರುಳ್ಳಿ ವ್ಯಾಪಾರಿಯ ಗಚ್ಚಿಗೂ, ಬೀಜದ ಅಂಗಡಿಯ ಗಚ್ಚಿಗೂ ನಾನು ಇಂಟರ್ನೆಟ್ ಕೊಟ್ಟೆ. ಮನೆಗೆ ಬಂದಾಗ ತಂಗಿ ಆ ದಿನದ ಕೆಲಸ ಎಲ್ಲಿತ್ತೆಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಅವಳು ತಿಳಿದುಕೊಂಡು ಹೊಲಿಗೆಗೆ ತಿರುಗುತ್ತಿದ್ದಳು.

ಅವಳ ಮುಂದೆ ಹೇಳಿಬಿಡಬೇಕೆಂದು ನನಗೆ ಅನಿಸಿದ್ದುಂಟು. ನಮ್ಮ ಮನೆಯಲ್ಲಿ ತಪ್ಪಾಯಿತೆಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಪದ್ಧತಿ ಇಲ್ಲ. ಅಪ್ಪ ಸಿಟ್ಟು ಮಾಡಿದ ಮರುದಿನ ಜಿಲೇಬಿ ತರುತ್ತಿದ್ದ, ಅದೇ ಅವನ ಮಾತು. ನಾನೂ ಒಂದೆರಡು ಸಲ ಜಿಲೇಬಿ ತಂದೆ. ಒಂದು ದಿನ ಅವಳು ಮಶೀನಿನ ಮುಂದೆ ಬೆನ್ನು ಹಾಕಿ ಕೂತಿದ್ದಾಗ ಹಿಂದೆ ನಿಂತು, ಮರಾಠಿಯಲ್ಲಿ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಮಶೀನು ನಡೆಯುತ್ತಲೇ ಇತ್ತು. ಒಳಗಿನಿಂದ ಅವ್ವ ಬಂದಳು.

"ಯಾರ ಜೋಡಿ ಮಾತಾಡ್ಲಿಕತ್ತೀ?"

ಯಾರ ಜೊತೆಗೂ ಇಲ್ಲ ಎಂದೆ.

ಐದು ವರ್ಷದ ಮೇಲೆ ಡೇಟಾ ಕಾರ್ಡು ಬಂತು. ಬೆರಳಿನಷ್ಟುದ್ದದ ಸಾಮಾನು. ಕಂಪ್ಯೂಟರಿಗೆ ಚುಚ್ಚಿದರೆ ಆಯಿತು. ಪೈಪು ಬೇಡ, ಗಚ್ಚಿ ಬೇಡ, ಕನ್ನಡಿ ಬೇಡ, ನನ್ನಂಥವನೂ ಬೇಡ. ನಮ್ಮ ಕೆಲಸ ಆಗಲೇ ಕಡಿಮೆಯಾಗತೊಡಗಿತ್ತು. ತಂಗಿ ಯಾರನ್ನೂ ಕೇಳದೆ, ತನ್ನ ಹೊಲಿಗೆಯ ದುಡ್ಡಿನಲ್ಲಿ ಒಂದನ್ನು ಕೊಂಡು ತಂದಳು. ಭಾನುವಾರ ಮುಂಜಾನೆ. ಹಳೆಯ ಕಂಪ್ಯೂಟರು ಹೋಗಿ ಸಣ್ಣ ಲ್ಯಾಪ್‌ಟಾಪು ಬಂದಿತ್ತು. ಅದನ್ನು ಕಿಟಕಿಯ ಹತ್ತಿರ ಇಟ್ಟು ಕಾರ್ಡು ಚುಚ್ಚಿದಳು. ನಾನು ಸಹಾಯಕ್ಕೆಂದು ಪಕ್ಕದಲ್ಲಿ ನಿಂತಿದ್ದೆ. ಸಹಾಯ ಬೇಕಾಗಲಿಲ್ಲ. ಚಿತ್ರ ಅಷ್ಟು ಚೆನ್ನಾಗಿರಲಿಲ್ಲ, ಆದರೂ ಗೆಳತಿಯ ಕೆನ್ನೆಯ ಗುಳಿ ಕಾಣಿಸಿತು. ಈಗ ಅವಳ ತಲೆಯಲ್ಲಿ ಬಿಳಿ ಕೂದಲು. ಅವಳ ಹಿಂದೆ ಸಣ್ಣ ಸಣ್ಣ ಹುಡುಗಿಯರು ಬಂದು ಕೈಯಾಡಿಸಿ ಓಡಿಹೋಗುತ್ತಿದ್ದರು. ತಂಗಿ ಅವರಿಗೂ ಕೈಯಾಡಿಸಿದಳು.

ಮಾತು ಮುಗಿದ ಮೇಲೆ ಅವಳು ಕಿಟಕಿಯಾಚೆ ಆ ಆರು ಮಹಡಿಯ ಕಟ್ಟಡವನ್ನು ನೋಡಿದಳು. ಕಾರ್ಡನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬಿಲ್ಡಿಂಗ್ ಅಲ್ಲೇ ಅದ" ಎಂದಳು. "ಮತ್ತ ಇದು ಹೆಂಗ ಬಂತು?"

ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇತ್ತು. ಅದು ಬೇರೆ ರೀತಿಯದು, ಇದು ಬೇರೆ. ಇದಕ್ಕೆ ಊರ ತುಂಬ ಟವರುಗಳು, ಗೋಡೆಯೊಳಗೂ ಬರುತ್ತದೆ. ಅದಕ್ಕೆ ಒಂದೇ ಟವರು, ಎದುರು ಕಾಣಬೇಕು. ಒಂದು ಶಬ್ದವೂ ಸುಳ್ಳಲ್ಲ. ಅಷ್ಟು ಹೇಳಿದ್ದರೆ ಅವಳು ಒಪ್ಪುತ್ತಿದ್ದಳು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಕ್ಯಾಲೆಂಡರು ಹಿಡಿದು ಬಂದ ಬೆಳಿಗ್ಗೆಯೂ ನನ್ನ ತಲೆಯಾಟವನ್ನು ಹೀಗೇ ನೋಡಿದ್ದಳು.

ನಾನು ಬೇರೆಯದನ್ನು ಹೇಳಿದೆ. ಆದರೆ ತಲೆ ತಗ್ಗಿಸಿ, ತಂಬಾಕು ಬಾಯಲ್ಲಿಟ್ಟುಕೊಂಡೇ ಹೇಳಿದೆ. ಅವಳು ಕೈ ಅಡ್ಡ ಹಿಡಿದಳು.

"ಕಾಣಲಿಲ್ಲ. ತಿರುಗಿ ಹೇಳು."

ನಾನು ಹೊರಗೆ ಹೋಗಿ ಉಗುಳಿ, ಬಾಯಿ ತೊಳೆದುಕೊಂಡು ಬಂದೆ. ಅವಳು ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೀಸೆ ತುಟಿಯ ಮೇಲೆ ಬರುತ್ತದೆಂದು ಅವಳು ಮೊದಲಿನಿಂದ ಬೈಯುತ್ತಾ ಬಂದವಳು. ನಾನು ಎರಡು ಬೆರಳಿನಿಂದ ಅದನ್ನು ಮೇಲೆ ಸರಿಸಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವ್ವನ ಎದುರೇ, ಒಂದೊಂದು ಮಾತನ್ನೂ ಬಿಡಿಸಿ, ಗಟ್ಟಿಯಾಗಿ ಹೇಳಿದೆ.

"ಆವಾಗ ಬಿಲ್ಡಿಂಗ್ ಅಡ್ಡ ಬಂದಿರಲಿಲ್ಲ. ಡಬ್ಬಿ ನಾನ ಒಯ್ದಿದ್ದೆ. ಗುರುವಾರ ಅಂತ ನೀ ಹೇಳಿದ್ದು ನನಗ ತಿಳಿದಿತ್ತು. ಗಚ್ಚಿ ಮ್ಯಾಲ ನೀ ಕನ್ನಡಿ ಹಿಡಿದದ್ದು ನನಗ ಕಂಡಿತ್ತು. ಕಂಡರೂ ಬರಲಿಲ್ಲ. ತಪ್ಪು ನಂದು, ತಂಗಿ. ನಂದು ತಪ್ಪಾತು."